ವಾರಗಿತ್ತಿಯ ಕಾರಿಗಿಂತ ದೊಡ್ಡ ಪರದೆ

ನನ್ನ ಮೈದುನ ತನ್ನ ಹೆಂಡತಿಗೆಂದು ಕೊಂಡ ಕೆಂಪು ಕಾರು ನಮ್ಮ ಮನೆಯ ಮುಂದೆ ಬಂದು ನಿಂತ ಬೆಳಿಗ್ಗೆ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸುವಷ್ಟರಲ್ಲಿ ನಮ್ಮ ಅತ್ತೆ ಸೆರಗು ಸರಿಮಾಡಿಕೊಂಡು ಹೋಗಿ ಅದರ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು. ಯಾರೂ ಅವರನ್ನು ಕರೆದಿರಲಿಲ್ಲ. ನಾನು ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದೆ. ನನ್ನ ವಾರಗಿತ್ತಿ ಏನೋ ಗುಂಡಿ ಒತ್ತಿದಳು. ಕಾರಿನ ಎದೆಯಲ್ಲಿದ್ದ ಗಾಜಿನ ಪರದೆ ಬೆಳಗಿತು, ತಂಬೂರಿ ಪದ ಶುರುವಾಯಿತು. ಅತ್ತೆ ಕಣ್ಣು ಮುಚ್ಚಿ ತಲೆದೂಗಿದರು. ಆರತಿಯ ಕರ್ಪೂರ ಆರಿಹೋದದ್ದನ್ನು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ನಮ್ಮದು ಬೈರಾಪಟ್ಟಣ. ಒಂದೇ ಕಾಂಪೌಂಡಿನಲ್ಲಿ ಎರಡು ಮನೆ, ನಮ್ಮದೊಂದು, ಮೈದುನನದೊಂದು. ಅತ್ತೆ ಊಟ ಅಲ್ಲೊಂದು ಹೊತ್ತು, ಇಲ್ಲೊಂದು ಹೊತ್ತು ಮಾಡುತ್ತಾರೆ. ಮೈದುನ ಹಾಲಿನ ಗಾಡಿಗಳ ಕಂಟ್ರಾಕ್ಟು ಹಿಡಿದಿದ್ದಾನೆ. ವಾರಗಿತ್ತಿಗೆ ಚನ್ನಪಟ್ಟಣದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ನಾನು ಚಾಕಿ ಮಾಡುತ್ತೇನೆ. ಅಂದರೆ ರೇಷ್ಮೆಹುಳು ಮೊಟ್ಟೆಯೊಡೆದು ಬಂದಾಗಿನಿಂದ ಎರಡು ಸಲ ಜ್ವರಕ್ಕೆ ಕೂತು ಪೊರೆ ಕಳಚುವವರೆಗೆ ಎಳೆ ಸೊಪ್ಪು ಹಾಕಿ ಬೆಳೆಸಿ, ಆಮೇಲೆ ಅವನ್ನು ಟ್ರೇಗಳಲ್ಲಿ ಜೋಡಿಸಿ ರೈತರ ಮನೆಗಳಿಗೆ ಮುಟ್ಟಿಸುವುದು. ಯಜಮಾನರಿಗೆ ಮಂಡಿ ನೋವು, ಕ್ಲಚ್ ತುಳಿಯಲಾರರು. ಹಾಗಾಗಿ ಕಾರು ಕಲಿತವಳು ನಾನು. ನಮ್ಮ ಬೀದಿಯಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು ಎಂದು ಅತ್ತೆಯೇ ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ನನ್ನದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು. ಹಿಂದಿನ ಸೀಟಿನ ಮೇಲೆ ಟ್ರೇಗಳು, ಮುಂದೆ ನಾನು, ಎಡಕ್ಕೆ ಅತ್ತೆ. ಮಾಗಡಿ ಕಡೆ ತಿಪ್ಪಸಂದ್ರದಲ್ಲಿ ಅವರ ಮಗಳ ಮನೆ, ಕನಕಪುರ ಕಡೆ ದೊಡ್ಡಆಲಹಳ್ಳಿಯಲ್ಲಿ ತವರು, ರಾಮನಗರದಲ್ಲಿ ಅವರ ಮಂಡಿ ನೋವಿನ ಡಾಕ್ಟರು. ನಾಲ್ಕು ತಾಲೂಕಿನ ಅಡ್ಡರಸ್ತೆಗಳೆಲ್ಲ ಅವರ ನಾಲಿಗೆಯ ಮೇಲೆ. 'ಆ ಆಲದ ಮರದತ್ರ ತಿರುಗ್ಸು', 'ಹುಣಸೆ ಮರ ಬರ್ಲಿ ತಾಳು' ಎಂದು ನಾನು ಕೇಳುವ ಮೊದಲೇ ಹೇಳುತ್ತಿದ್ದರು. ಆ ಎಡಗಡೆಯ ಸೀಟು ಅವರದು ಎಂಬುದು ನನಗೆ ಎಷ್ಟು ಸಹಜವಾಗಿಬಿಟ್ಟಿತ್ತೆಂದರೆ, ಅದರಲ್ಲಿ ಬೇರೆ ಯಾರಾದರೂ ಕೂತರೆ ಮೈಗೆ ಸರಿಹೋಗುತ್ತಿರಲಿಲ್ಲ.

ಕೆಂಪು ಕಾರು ಬಂದಮೇಲೆ ಆ ಸೀಟು ಖಾಲಿಯಾಯಿತು.

ಮೊದಮೊದಲು ಹೊಸತನ, ನಾಲ್ಕು ದಿನ ಆದಮೇಲೆ ಬರುತ್ತಾರೆ ಎಂದುಕೊಂಡೆ. ಡಾಕ್ಟರ ಹತ್ತಿರ ಹೋಗುವ ದಿನ ಬಂತು. ನನ್ನ ಹುಳುಗಳು ಜ್ವರಕ್ಕೆ ಕೂತಿದ್ದವು, ಮಧ್ಯಾಹ್ನದವರೆಗೆ ಹೊರಡುವಂತಿರಲಿಲ್ಲ. "ಅತ್ತೆ, ಊಟ ಆದ್ಮೇಲೆ ಹೋಗನ" ಎಂದೆ. "ನೀನು ಹುಳ ನೋಡ್ಕವ್ವ, ನಾನು ಚಿಕ್ಕೋಳ್ ಜೊತೆ ಹೋಗ್ ಬತ್ತೀನಿ" ಎಂದು ಹೊರಟೇಬಿಟ್ಟರು. ಸಂಜೆ ಬಂದವರ ಮುಖದಲ್ಲಿ ಏನೋ ಖುಷಿ. ಡಾಕ್ಟರು ಏನಂದರು ಎಂದು ಕೇಳಿದರೆ ಅದನ್ನು ಬಿಟ್ಟು, "ಬಿಡದಿತಂಕ ಹೋಗಿ ತಟ್ಟೆ ಇಡ್ಲಿ ತಿಂದ್ಕಂಡ್ ಬಂದೋ ಕಣವ್ವ, ಬೆಣ್ಣೆ ಹಾಕ್ಸಿ" ಎಂದರು. ನಾನು ಅಷ್ಟು ವರ್ಷ ಕರೆದುಕೊಂಡು ಹೋಗಿದ್ದೆ. ಒಂದು ದಿನವೂ ಬಿಡದಿವರೆಗೆ ಹೋಗೋಣ ಎಂದು ಅವರು ಬಾಯಿಬಿಟ್ಟಿರಲಿಲ್ಲ. ಆ ರಾತ್ರಿ ಮುದ್ದೆ ತೊಳಸುವಾಗ ಕೋಲು ಮುರಿಯುವಷ್ಟು ಜೋರಾಗಿ ತಿರುವಿದೆ.

ಇನ್ನೊಂದು ದಿನ, ನಾನು ಬಾಗಿಲು ತೆರೆದು ಹಿಡಿದು ಕರೆದರೂ ನನ್ನ ಕಾರಿನ ಹತ್ತಿರ ಬಂದು ಮೂಗು ಮುರಿದರು. "ಇದು ಸೊಪ್ಪಿನ್ ವಾಸ್ನೆ ಕಣಮ್ಮಿ. ಅವಳ ಕಾರು ನಿಂಬೆಹಣ್ಣಿನ್ ಥರ ಗಮ್ ಅಂತದೆ." ನನ್ನ ಕಾರಿಗೆ ಸೆಂಟು ಹಾಕುವಂತಿಲ್ಲ, ಎಳೆಯ ಹುಳುಗಳಿಗೆ ಆ ವಾಸನೆ ಆಗಿಬರುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಹುಳು ಸಾಕುವುದನ್ನು ಹೇಳಿಕೊಟ್ಟವರೇ ಅವರು. ಆದರೂ ಹಾಗೆಂದರು.

ಹೊಟ್ಟೆಕಿಚ್ಚು ಎಂಬುದು ಅಷ್ಟು ಹತ್ತಿರದವರ ಮೇಲೆ ಹುಟ್ಟಿದರೆ ಅದನ್ನು ಇಳಿಸಿಡಲು ಜಾಗ ಸಿಗುವುದಿಲ್ಲ. ವಾರಗಿತ್ತಿ ಕೆಟ್ಟವಳಾಗಿದ್ದರೆ ಸುಲಭವಿತ್ತು. ಅವಳು ಬೆಳಿಗ್ಗೆ ಎದ್ದರೆ "ಅಕ್ಕ, ಹಾಲು ಬೇಕಾ" ಎಂದು ಬರುವವಳು. ಅವಳು ಹಾಲು ತಂದುಕೊಟ್ಟಾಗ ನಾನು ಪಾತ್ರೆಯನ್ನೇ ನೋಡುತ್ತಿದ್ದೆ, ಅವಳ ಮುಖ ನೋಡುತ್ತಿರಲಿಲ್ಲ. ಸಂಜೆ ಕೆಂಪು ಕಾರಿನ ಬಾಗಿಲು ದಪ್ ಎಂದು ಮುಚ್ಚುವ ಸದ್ದಿಗೆ ಒಳಗಿದ್ದವಳಿಗೆ ಕಿವಿ ನೆಟ್ಟಗಾಗುತ್ತಿತ್ತು. ಎರಡು ಸಲ ಸದ್ದಾದರೆ ಅತ್ತೆಯೂ ಜೊತೆಗಿದ್ದರು ಎಂದು ಲೆಕ್ಕ.

ಕೊನೆಗೆ ನನಗೆ ಹೊಳೆದದ್ದು, ವ್ಯತ್ಯಾಸ ಇರುವುದು ಆ ಪರದೆಯಲ್ಲಿ. ಹಾಡುತ್ತದೆ, ದಾರಿ ತೋರಿಸುತ್ತದೆ, ಫೋಟೊ ತೋರಿಸುತ್ತದೆ. ನನ್ನ ಕಾರಿನಲ್ಲಿ ಇದ್ದದ್ದು ಕರಕರ ಎನ್ನುವ ಒಂದು ರೇಡಿಯೊ. ನಾನೂ ಹಾಕಿಸಿಬಿಟ್ಟರೆ?

ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹುಳ ಸಾಗ್ಸೊ ಗಾಡಿಗೆ ಯಾಕೆ ಅದೆಲ್ಲ? ಹಾಕ್ಲೇಬೇಕು ಅಂದ್ರೆ ನಮ್ಮೂರ ವೈರಿಂಗ್‌ನೋನ ಕರಿತೀನಿ. ಒಸಿ ಟೀ ಕಾಸು ಕೊಟ್ರೆ ಕೂರಿಸ್ತಾನೆ."

"ಅವ್ನು ಹೋದ್ಸಲ ಇಂಡಿಕೇಟರ್ ರಿಪೇರಿ ಮಾಡ್ದಾಗ ಹಾರನ್ ಹೊಡ್ಕಳಾಕೆ ಶುರುವಾಯ್ತು. ಮರ್ತೋಯ್ತಾ?" ಎಂದೆ. "ಅವರದು ಕಂಪನಿಯೋರೇ ಹಾಕಿರೋದು. ನಂದನ್ನೂ ಸರಿಯಾದ ಅಂಗಡೀಲೇ ಹಾಕಿಸ್ತೀನಿ. ಕೆಲ್ಸ ಗೊತ್ತಿರೋರ ಕೈಲಿ."

"ಅವರದು" ಎಂದದ್ದು ಯಾವ ಕಾರನ್ನು ಎಂದು ಹೊಳೆದು ಆಗ ಅವರು ತಲೆ ಎತ್ತಿದರು. ಮತ್ತೆ ಪೇಪರಿಗೆ ಇಳಿದರು.

ರಾಮನಗರದಲ್ಲಿ, ಹೈವೇ ಊರಿನ ಹೊರಗೆ ಹೋದಮೇಲೆ ತಣ್ಣಗಾದ ಹಳೆಯ ರಸ್ತೆಯ ಮೇಲೆ ಒಂದು ಅಂಗಡಿ. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವಾಗೆಲ್ಲ ನೋಡಿದ್ದೆ. ಮಾಲೀಕರು ಐವತ್ತು ದಾಟಿದ ಮುಸಲ್ಮಾನರು. ಅವರ ಮನೆಯಲ್ಲಿ ಮೊದಲು ಗೂಡಿನಿಂದ ನೂಲು ಬಿಚ್ಚುವ ಕೆಲಸ ಇತ್ತಂತೆ. ನಾನು ಚಾಕಿಯವಳು ಎಂದು ತಿಳಿದ ಕೂಡಲೇ ಕುರ್ಚಿ ಒರೆಸಿಕೊಟ್ಟರು.

"ಬೈಠೋ ಅಕ್ಕ. ಏನ್ ಬೇಕು? ಹಾಡಿಗೆ ಮಾತ್ರನಾ, ದಾರಿ ತೋರ್ಸೋದೂ ಬೇಕಾ?"

"ಎರಡೂ ಬೇಕು. ರಿವರ್ಸ್ ಹೋದ್ರೆ ಹಿಂದ್ಗಡೆ ಕಾಣೋದೂ ಬೇಕು." ವಾರಗಿತ್ತಿಯ ಕಾರಿನ ಮಾಡೆಲ್ ಹೆಸರು ಹೇಳಿ, ಅದರಲ್ಲಿ ಪರದೆ ಎಷ್ಟು ದೊಡ್ಡದು ಬರುತ್ತದೆ ಎಂದು ಕೇಳಿದೆ. ಅವರು ಕೈಯಲ್ಲೇ ಅಳತೆ ತೋರಿಸಿದರು.

"ಅದಕ್ಕಿಂತ ಒಂದು ಸೈಜ್ ದೊಡ್ಡದು ಹಾಕಿ."

ಅವರು ನನ್ನ ಕಾರಿನೊಳಗೆ ತಲೆ ಹಾಕಿ ನೋಡಿ ಹೊರಗೆ ಬಂದರು. "ನಿಮ್ ಗಾಡಿಗೆ ಅದಕ್ಕಿಂತ ಸಣ್ದು ಸರಿಯಾಗಿ ಕೂರ್ತದೆ. ದೊಡ್ದು ಹಾಕಿದ್ರೆ ಮೇಲ್ಗಡೆ ಗಾಳಿ ಕಿಂಡಿ ಮುಚ್ಕೊಳ್ತದೆ. ಎಡಗಡೆ ಕೂತೋರಿಗೆ ಎಸಿ ಬರಲ್ಲ."

"ಪರ್ವಾಗಿಲ್ಲ."

"ಯೋಚ್ನೆ ಮಾಡಿ ಹೇಳಿ ಅಕ್ಕ. ಒಂದ್ಸಲ ಫ್ರೇಮ್ ಕಟ್ ಮಾಡಿದ್ರೆ ಮತ್ತೆ ಹಳೇ ಥರ ಆಗಲ್ಲ."

"ಕಟ್ ಮಾಡಿ" ಎಂದೆ. ಎಡಗಡೆ ಕೂರುವವರು ಯಾರು, ಇಷ್ಟೆಲ್ಲ ಯಾರಿಗಾಗಿ ಎಂಬುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲೇ ಇರಲಿಲ್ಲ. ಕಣ್ಣ ಮುಂದೆ ಇದ್ದದ್ದು ಕೆಂಪು ಕಾರು ಒಂದೇ.

ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ನಾನು ಅಲ್ಲಿಂದ ಏಳಲಿಲ್ಲ. ಅವರು ಡ್ಯಾಶ್‌ಬೋರ್ಡನ್ನು ಬಿಚ್ಚಿ ಬಟ್ಟೆಯ ಮೇಲೆ ಇಟ್ಟಾಗ ಅದರ ಸಂದಿಯಿಂದ ಒಣಗಿದ ಹಿಪ್ಪುನೇರಳೆ ಎಲೆಯ ಚೂರುಗಳು ಉದುರಿದವು. ಅವರು ನಕ್ಕು, ಸಣ್ಣ ಬ್ರಷ್ಷಿನಲ್ಲಿ ಗುಡಿಸಿದರು. ಬಾಗಿಲುಗಳೊಳಗೆ ಸ್ಪೀಕರು, ಹಿಂದೆ ನಂಬರ್ ಪ್ಲೇಟಿನ ಮೇಲೆ ಬೊಟ್ಟಿನಷ್ಟು ಕ್ಯಾಮೆರಾ, ಗಾಜಿನ ಅಂಚಿನಲ್ಲಿ ಆಂಟೆನಾ. ಒಂದು ವೈರನ್ನೂ ಕತ್ತರಿಸದೆ ಪ್ಲಗ್ಗಿನ ಬಾಯಿಗೆ ಬಾಯಿ ಸೇರಿಸಿ ಒತ್ತುವುದು, ಒತ್ತಿದ ಮೇಲೆ ಎಳೆದು ನೋಡುವುದು. ಕೊನೆಗೆ ದುಡ್ಡು ಕೊಡುವಾಗ, ಸಾಮಾನಿನ ಬೆಲೆ ಬೇರೆ, ಕೂರಿಸಿದ ಕೂಲಿ ಬೇರೆ ಎಂದರು. ಮಾಮೂಲಿನಂತೆ ಚೌಕಾಶಿ ಮಾಡಲಿಲ್ಲ. ಒಂದು ಬ್ಯಾಚ್ ಚಾಕಿ ಮಾಡಿ ದುಡಿದದ್ದೆಲ್ಲ ಅಲ್ಲಿ ಇಳಿಯಿತು. ಹೋದರೆ ಹೋಗಲಿ, ನನ್ನ ದುಡಿಮೆ, ನನ್ನ ಕಾರು ಎಂದು ಎಣಿಸಿಕೊಟ್ಟೆ.

"ದಾರಿ ಹೇಳೋಕೆ ಹೆಂಗಸಿನ್ ದನಿ ಇಡ್ಲಾ, ಗಂಡಸಿನ್ ದನಿ ಇಡ್ಲಾ?" ಎಂದು ಕೇಳಿದರು.

"ಹೆಂಗಸಿಂದೇ ಇಡಿ" ಎಂದೆ.

ಮನೆಗೆ ಬಂದವಳೇ ಬೇಕೆಂದೇ ಕಾಂಪೌಂಡಿನಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದೇ ಇಟ್ಟು ಹಾಡು ಜೋರು ಮಾಡಿದೆ. ವಾರಗಿತ್ತಿ ಕತ್ತರಿ ಹಿಡಿದುಕೊಂಡೇ ಹೊರಗೆ ಓಡಿಬಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದಿಷ್ಟಾದರೂ ಕಪ್ಪಿಡಲಿ ಎಂದು ಕಾಯುತ್ತಿದ್ದೆ.

"ಅಯ್ ಅಕ್ಕ! ನಂದಕ್ಕಿಂತ ದೊಡ್ದಾಗೈತೆ! ಅತ್ತೆ, ಬನ್ನಿ ನೋಡಿ, ಅಕ್ಕ ಟೀವಿನೇ ಹಾಕಿಸ್ಕ ಬಂದವ್ಳೆ!" ಎಂದು ಚಪ್ಪಾಳೆ ತಟ್ಟಿದಳು. ಅವಳ ಮುಖದಲ್ಲಿ ಖುಷಿ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಇನ್ನೂ ಉರಿಯಿತು. ಅವಳಿಗೆ ಹೊಟ್ಟೆಕಿಚ್ಚು ಪಡುವ ಅಗತ್ಯವೇ ಇರಲಿಲ್ಲವಲ್ಲ, ಅದಕ್ಕೆ.

ಅತ್ತೆ ಬಂದು ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಚೆಂದಾಗೈತೆ" ಎಂದರು. ನಾಳಿದ್ದು ತಿಪ್ಪಸಂದ್ರದಲ್ಲಿ ನಾದಿನಿಯ ಮಗಳ ಮದುವೆಯ ಬೀಗರೂಟ. ವಾರಗಿತ್ತಿಗೆ ಆ ದಿನ ಅಂಗಡಿ ಬಿಡುವಂತಿರಲಿಲ್ಲ. ಗಂಡಸರಿಬ್ಬರೂ ಮುಂಚೆಯೇ ಮೈದುನನ ಬೈಕಿನಲ್ಲಿ ಹೋಗುವವರು. "ನಿನ್ ಕಾರಲ್ಲೇ ಬತ್ತೀನಿ ಬುಡು" ಎಂದರು ಅತ್ತೆ. ಅವತ್ತು ನಾನು ಹೊಸ ಬಳೆ ತೊಟ್ಟವಳ ಹಾಗೆ ಓಡಾಡಿದೆ.

ಹೊರಟ ದಿನ ಬೆಳಿಗ್ಗೆ ಕಾರು ತೊಳೆದು, ಸೀಟಿಗೆ ಹೊಸ ಟವಲ್ ಹಾಸಿದ್ದೆ. ಚನ್ನಪಟ್ಟಣ, ರಾಮನಗರ ದಾಟುವವರೆಗೆ ತಂಬೂರಿ ಪದ ಕೇಳಿಕೊಂಡು ಚೆನ್ನಾಗಿಯೇ ಇದ್ದರು. ಗಾಳಿ ಬರುತ್ತಿಲ್ಲವೆಂದು ಸೆರಗಿನಲ್ಲಿ ಬೀಸಿಕೊಂಡರು, ಅಷ್ಟೆ. ಮಾಗಡಿ ರಸ್ತೆ ಹಿಡಿದ ಮೇಲೆ ಪರದೆಯೊಳಗಿನ ಹೆಂಗಸು ಹಾಡನ್ನು ತಗ್ಗಿಸಿ ಮಾತಾಡತೊಡಗಿದಳು. 'ಮುಂದೆ ಎಡಕ್ಕೆ ತಿರುಗಿ.' 'ನೇರವಾಗಿ ಹೋಗಿ.' ಅತ್ತೆ ಪ್ರತಿ ಸಲವೂ ಏನೋ ಹೇಳಲು ಬಾಯಿ ತೆರೆಯುವರು. ಅಷ್ಟರಲ್ಲಿ ಅವಳು ಹೇಳಿ ಮುಗಿಸಿರುತ್ತಿದ್ದಳು.

ಮಾಗಡಿ ದಾಟಿ ಒಂದು ಕವಲು ಬಂತು. "ಬಲಕ್ಕೋಗು. ಆಲದ ಮರ ಇತ್ತಲ್ಲ, ಅದ್ರತ್ರ" ಎಂದರು ಅತ್ತೆ.

'ನೇರವಾಗಿ ಹೋಗಿ' ಎಂದಳು ಪರದೆಯವಳು.

"ಆಲದ ಮರ ಎಲ್ಲೈತೆ ಅತ್ತೆ?" ಎಂದೆ. ಸುತ್ತ ನೋಡಿದರೆ ಅಲ್ಲಿ ಮರವಿರಲಿಲ್ಲ. ರಸ್ತೆ ಅಗಲ ಮಾಡಿದ್ದರು, ಪೆಟ್ರೋಲ್ ಬಂಕ್ ಒಂದು ಎದ್ದಿತ್ತು. ಅತ್ತೆ ಕತ್ತು ಚಾಚಿ ಆ ಕಡೆ ಈ ಕಡೆ ನೋಡಿದರು. ನಾನು ನಿಲ್ಲಿಸಲಿಲ್ಲ. ನೇರವಾಗಿ ಹೋದೆ. ದಾರಿ ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ತಿಪ್ಪಸಂದ್ರದ ಬೋರ್ಡು ಕಂಡಿತು.

"ನೋಡಿದ್ರಾ ಅತ್ತೆ, ಎಷ್ಟು ಕರೆಕ್ಟಾಗಿ ತಂದು ಬಿಡ್ತು" ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಬೀಗರೂಟದಲ್ಲಿ ನಾದಿನಿ ನನ್ನ ಕಾರಿನ ಪರದೆಯನ್ನು ನೋಡಿ ಹೊಗಳಿದಳು. ಅತ್ತೆ ಪಂಕ್ತಿಯ ಆ ತುದಿಯಿಂದ, ನನಗೆ ಕೇಳುವ ಹಾಗೇ, "ನಮ್ ಚಿಕ್ ಸೊಸೆ ಕಾರು ನೋಡ್ಬೇಕು ನೀವು. ಅದ್ರಲ್ಲಿ ಕುಂತ್ರೆ ಇಳಿಯಾಕೆ ಮನ್ಸು ಬರಲ್ಲ" ಎಂದರು. ಮುದ್ದೆಯನ್ನು ಹಾಗೇ ಬಿಟ್ಟು ಎಲೆ ಮಡಚಿದೆ. ನಾನು ಅಷ್ಟು ಮಾಡಿದರೂ ಅವಳೇ. ತಾನು ಇಲ್ಲದ ಕಡೆಯೂ ಅವಳೇ.

ವಾಪಸು ಬರುವಾಗ ಮಾಗಡಿ ಹತ್ತಿರ ಎಳನೀರಿನ ಗಾಡಿ ಕಂಡು ನಿಲ್ಲಿಸಿದೆ. ಎದುರಿಗೆ ಸಾವನದುರ್ಗ ಬೋಳಾಗಿ ಬಿಸಿಲಲ್ಲಿ ಕೂತಿತ್ತು. ಎಳನೀರು ಅವರ ಕೈಗಿಟ್ಟೆ. ತಡೆದುಕೊಂಡಿದ್ದೆಲ್ಲ ಆಗ ಹೊರಬಂತು.

"ಅತ್ತೆ, ಒಂದ್ ಮಾತು ಕೇಳ್ತೀನಿ. ಅವಳ ಕಾರಲ್ಲಿ ಏನೈತೆ ನನ್ ಕಾರಲ್ಲಿ ಇಲ್ದೇ ಇರೋದು? ನಿಮಗೆ ಅಂತ್ಲೇ ಇದನ್ನ ಹಾಕಿಸ್ದೆ. ಅವಳು ಕಲ್ತು ಇನ್ನೂ ಒಂದ್ ವರ್ಸ ಆಗಿಲ್ಲ. ನಾನು ಎಷ್ಟು ವರ್ಸದಿಂದ ಕರ್ಕಂಡ್ ತಿರುಗ್ತಿವ್ನಿ!"

ಅವರು ಎಳನೀರು ಕುಡಿದು ಮುಗಿಸಿದರು. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದರು.

"ಅವಳಿಗೆ ಭಯ ಕಣವ್ವ. ರೋಡ್ ದಾಟ್ಬೇಕು ಅಂದ್ರೆ ಕೈ ನಡುಗ್ತದೆ. 'ಅತ್ತೆ, ಆ ಕಡೆ ಲಾರಿ ಬತ್ತಾ ಐತಾ ನೋಡಿ, ಈಗ ಹೋಗ್ಲಾ, ತಾಳ್ಲಾ' ಅಂತ ಕೇಳ್ತಾಳೆ. ನಾನು ಹೂಂ ಅಂದ್ರೇನೆ ಗಾಡಿ ಮುಂದಕ್ಕೆ ಬುಡ್ತಾಳೆ. ದಾರಿ ತೋರ್ಸೋದ ಅವ್ಳು ಹಾಕೋದೇ ಇಲ್ಲ, 'ನೀವಿದ್ದೀರಲ್ಲ' ಅಂತಾಳೆ." ಖಾಲಿ ಬುರುಡೆಯನ್ನು ನನ್ನ ಕೈಗಿಟ್ಟರು. "ನೀನು ಗಟ್ಟಿಗಿತ್ತಿ. ಮೊದ್ಲಿಂದಾನೂ ನನ್ನ ಒಂದ್ ಮಾತು ಕೇಳ್ದೋಳಲ್ಲ. ನಾನೇ ಬಾಯ್ಬುಟ್ಟು ಹೇಳ್ತಿದ್ದೆ. ಈಗ ಅದ್ಕೂ ಒಬ್ಳ ತಂದು ಕೂರಿಸ್ಬುಟ್ಟೆ. ನಿನ್ ಕಾರಲ್ಲಿ ನಾನು ಹುಳದ ಟ್ರೇ ಇದ್ದಂಗೆ. ಹತ್ತಿಸ್ಕತೀಯ, ಇಳಿಸ್ತೀಯ."

ಎಳನೀರಿನವನಿಗೆ ದುಡ್ಡು ಕೊಟ್ಟು ಬಂದು ಕೂತೆ. ದಾರಿ ಹೇಳುವ ದನಿಯನ್ನು ಆರಿಸಿದೆ.

"ನನ್ ಸಮಾಧಾನಕ್ಕೆ ಆರಿಸ್ಬೇಡ. ಅದು ಸರಿಯಾಗೇ ಹೇಳ್ತದೆ" ಎಂದರು ಅತ್ತೆ. ಸಿಟ್ಟಿನಿಂದ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ಕಾರಣ ತಿಳಿದರೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಅಲ್ಲಿಯವರೆಗೆ ಅವಳ ಕಾರಿನ ಮೇಲೆ ಇದ್ದದ್ದು ಈಗ ಅವಳ ಭಯದ ಮೇಲೆ ಬಂತು. ಹೆದರಿಕೊಂಡು, ಕೈ ನಡುಗಿಸಿಕೊಂಡು, ಇನ್ನೊಬ್ಬರ ಹೂಂಗಾಗಿ ಕಾಯುವುದು ನನಗೆ ಬಾರದ ವಿದ್ಯೆ. ಕಲಿತ ಮೊದಲ ತಿಂಗಳೇ ಒಬ್ಬಳೇ ಟ್ರೇ ತುಂಬಿಕೊಂಡು ಕನಕಪುರಕ್ಕೆ ಹೋಗಿ ಬಂದವಳು ನಾನು. ಅದನ್ನು ಊರೆಲ್ಲ ಹೊಗಳಿತ್ತು. ಆ ಹೊಗಳಿಕೆ ಈಗ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತಂತಿತ್ತು. ಬೇಕೆಂದೇ ಒಂದೆರಡು ಸಲ "ಅತ್ತೆ, ಇಲ್ಲಿ ಎಡಕ್ಕಾ?" ಎಂದು ಕೇಳಿ ನೋಡಿದೆ. ಗೊತ್ತಿರುವ ದಾರಿಯನ್ನು ಕೇಳುವಾಗ ನನ್ನ ದನಿಯೇ ನನಗೆ ಸುಳ್ಳೆನಿಸಿತು. ಅವರು "ಗೊತ್ತಿದ್ದೂ ಕೇಳ್ತೀಯ" ಎಂದು ನಕ್ಕರು.

ಮಳೆಗಾಲ ಕಳೆದ ಮೇಲೆ ವಾರಗಿತ್ತಿ ಕೆಂಪು ಕಾರನ್ನು ನಮ್ಮದೇ ಗೇಟಿಗೆ ಉಜ್ಜಿದಳು. ಬಾಗಿಲಿನ ಉದ್ದಕ್ಕೂ ಬಿಳಿ ಗೆರೆ. ಯಾರಿಗೂ ಏನೂ ಆಗಲಿಲ್ಲ, ಮೈದುನ ಒಂದು ಮಾತೂ ಆಡಲಿಲ್ಲ. ಆದರೂ ಅವಳು ಒಂದು ವಾರ ಸ್ಟೇರಿಂಗ್ ಮುಟ್ಟಲಿಲ್ಲ. ನನಗೆ ಒಳಗೊಳಗೇ ಹಿತವಾಯಿತು. ಅಷ್ಟರಲ್ಲಿ ದೊಡ್ಡಆಲಹಳ್ಳಿಯಲ್ಲಿ ಅತ್ತೆಯ ಅಣ್ಣನಿಗೆ ಹುಷಾರಿಲ್ಲವೆಂದು ಫೋನ್ ಬಂತು. ನನ್ನ ಕಾರು ಸರ್ವೀಸಿಗೆ ಹೋಗಿತ್ತು. ವಾರಗಿತ್ತಿ ಕೆಂಪು ಕಾರಿನ ಕೀ ತಂದು ನನ್ನ ಕೈಗೆ ಕೊಟ್ಟಳು. "ಅಕ್ಕ, ನೀನೇ ಓಡ್ಸು. ನಾನೂ ಬತ್ತೀನಿ."

ಇಬ್ಬರೂ ಹಿಂದೆ ಕೂತರು. ಅವಳು ಹೆದರಿದ್ದಾಳೆ, ಜೊತೆಗಿರುತ್ತೇನೆ ಎಂದರು ಅತ್ತೆ.

ಆ ಕಾರನ್ನು ಮೊದಲ ಸಲ ಓಡಿಸಿದ್ದು ಅವತ್ತೇ. ಬೆಣ್ಣೆಯ ಹಾಗೆ ಹೋಗುತ್ತಿತ್ತು. ಪರದೆ ಬೆಳಗುತ್ತಿತ್ತು, ನಿಂಬೆಯ ವಾಸನೆ ಬರುತ್ತಿತ್ತು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಇಷ್ಟು ದಿನ ಕರುಬಿದ್ದೆಲ್ಲ ನನ್ನ ಕೈಯೊಳಗೆ ಇತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಅವಳ ಕೈ ಅತ್ತೆಯ ತೊಡೆಯ ಮೇಲೆ. ಅತ್ತೆ ಅದನ್ನು ಮೆಲ್ಲಗೆ ತಟ್ಟುತ್ತಿದ್ದರು. ಬಾಡಿಗೆ ಕಾರಿನ ಡ್ರೈವರಿನಂತೆ ನಾನು ಮುಂದೆ ಒಬ್ಬಳೇ.

ಅತ್ತೆಯ ಅಣ್ಣನವರ ಜ್ವರ ಇಳಿದಿತ್ತು. ಎದ್ದು ಕೂತು ಕಾಫಿ ಕುಡಿದು ಮಾತಾಡಿದರು. ವಾಪಸು ಹೊರಟು ಸಾತನೂರು ದಾಟಿದ ಮೇಲೆ ನಾನು ರಸ್ತೆಯ ಬದಿಗೆ ಕಾರು ನಿಲ್ಲಿಸಿದೆ.

"ಯಾಕಮ್ಮಿ ನಿಲ್ಸಿದ್ದು?" ಎಂದರು ಅತ್ತೆ.

"ಮುಂದೆ ಬನ್ನಿ ಅತ್ತೆ" ಎಂದೆ. ಎಡಗಡೆ ಕಾಣುವುದಿಲ್ಲ, ಹೊಸ ಗಾಡಿ ಅಭ್ಯಾಸವಿಲ್ಲ ಎಂದೆಲ್ಲ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ನಂಗೆ ಒಬ್ಳೇ ಕುಂತು ಬೇಜಾರಾಗೈತೆ."

ಅವರು ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿದರು. ವಾರಗಿತ್ತಿ, "ಹೋಗಿ ಅತ್ತೆ, ನಾನು ಒಸಿ ಒರಗ್ಕತೀನಿ" ಎಂದು ಬಾಗಿಲು ತೆರೆದುಕೊಟ್ಟಳು. ಅತ್ತೆ ಮಂಡಿ ಹಿಡಿದುಕೊಂಡು ಇಳಿದು, ಸುತ್ತಿ ಬಂದು, ನನ್ನ ಪಕ್ಕ ಕೂತರು. ಬೆಲ್ಟು ನಾನೇ ಎಳೆದು ಹಾಕಿದೆ. "ಮೊದ್ಲೇ ಹೇಳ್ಬಾರ್ದಾ" ಎಂದರು.

ನನಗೆ ಎದೆ ತುಂಬಿ ಬಂತು. ಗೇರು ಹಾಕಿ ಹೊರಟೆ. ಅತ್ತೆ ಸೀಟಿನಲ್ಲಿ ಸರಿಯಾಗಿ ಕೂತುಕೊಂಡು, ಹಿಂದಕ್ಕೆ ತಿರುಗಿದರು.

"ನಿದ್ದೆ ಬಂತಾ ಮಗ? ತಲೆ ನೋವಾ? ಗೇಟಿಂದು ಯೋಚ್ನೆ ಮಾಡ್ಬೇಡ ಕಣೆ" ಎಂದು ಅವಳ ಜೊತೆ ಮಾತಿಗೆ ಶುರುಮಾಡಿದವರು, ಚನ್ನಪಟ್ಟಣ ಬರುವವರೆಗೂ ಕತ್ತು ಇತ್ತ ತಿರುಗಿಸಲಿಲ್ಲ.